ಕೊನೆಯವನ ಬಾಟ್ಲಿ

ನಮ್ಮ ಮಾವನಿಗೆ ಎಪ್ಪತ್ತು ದಾಟಿ ಎಷ್ಟೋ ಕಾಲವಾಯಿತು. ತಲೆಯಲ್ಲಿ ಹುಡುಕಿದರೂ ಒಂದು ಕಪ್ಪು ಕೂದಲು ಸಿಗುವುದಿಲ್ಲ. ಅಂಥವರನ್ನು ಇವತ್ತಿಗೂ ‘ಏ ಮರಿ’ ಅಂತ ಕೂಗುವವರು ಒಬ್ಬರಿದ್ದಾರೆ. ಗೇಟಿನ ಹತ್ತಿರ ಆ ದನಿ ಕೇಳಿದರೆ ಸಾಕು, ನನ್ನ ಹೊಲಿಗೆ ಮೆಷಿನ್ನಿನ ಮೇಲೆ ಬಟ್ಟೆ ಸೊಟ್ಟಗೆ ಓಡುತ್ತದೆ. ಅವರನ್ನು ಎದುರಿಗೆ ನಾನು ‘ದೊಡ್ಡ ಮಾವ’ ಅನ್ನುತ್ತೇನೆ. ಹಿಂದಿನಿಂದ ನಾವೆಲ್ಲ ಕರೆಯುವುದು ‘ರೂಲ್ಸು’ ಅಂತ. ಅದೂ ನಾವಿಟ್ಟ ಹೆಸರಲ್ಲ, ಅವರ ಪ್ಲಟೂನಿನವರೇ ಇಟ್ಟಿದ್ದು. ಇಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು.

ಮಾವ ಮಿಲಿಟರಿಯಲ್ಲಿ ಲಾರಿ ಓಡಿಸುತ್ತಿದ್ದವರು. ಬಂದೂಕು ಹಿಡಿದು ಗುಡ್ಡ ಹತ್ತಿದವರಲ್ಲ. ಹತ್ತಿದವರಿಗೆ ಹಿಟ್ಟು, ಸೀಮೆಎಣ್ಣೆ, ಕಂಬಳಿ, ಟಪಾಲು ಮುಟ್ಟಿಸಿ ಬರುತ್ತಿದ್ದವರು. ಆಮೇಲೆ ಬಹಳ ವರ್ಷ ಸ್ಕೂಲ್ ಬಸ್ಸು ಓಡಿಸಿದರು. ಬೀದಿಯಲ್ಲಿ ನಿಂತ ಯಾವ ಗಾಡಿಯನ್ನೂ ಅವರು ಸುಮ್ಮನೆ ದಾಟುವುದಿಲ್ಲ, ಟೈರಿಗೆ ಒಂದು ಒದೆ ಕೊಟ್ಟು, ‘ಗಾಳಿ ಕಮ್ಮಿ’ ಅಂತ ಗೊಣಗಿಯೇ ಮುಂದೆ ಹೋಗುವುದು. ಒಂದು ಸಲ ಒಬ್ಬರ ಹೊಸ ಕಾರಿಗೆ ಒದ್ದು, ಕಾರು ಕಿರುಚಿಕೊಂಡು, ಇಡೀ ಬೀದಿ ಹೊರಗೆ ಬಂದು, ನಾನು ಸೊಂಟದಲ್ಲಿ ಟೇಪು ಸಿಕ್ಕಿಸಿಕೊಂಡವಳು ಹಾಗೇ ಓಡಿಹೋಗಿ ಕ್ಷಮೆ ಕೇಳಿ ಬಂದಿದ್ದೆ. ಮಾವ ಮಾತ್ರ, ‘ಗಾಳಿ ಕಮ್ಮಿ ಇದ್ದದ್ದು ನಿಜ ಕಣಮ್ಮ’ ಅಂದರು.

ಮಿಲಿಟರಿಯವರಿಗೆ ಗುಂಡು ಹಾರಿಸಿದ್ದಕ್ಕಿಂತ ಗುಂಡು ಹಾಕಿದ್ದೇ ಜಾಸ್ತಿ ನೆನಪು. ಮಾವ ಶುರುಮಾಡಿದರೆ ಮುಗಿಯಿತು. ಕಾಲಾಳುಗಳಲ್ಲಿ ಬಡ್ತಿ ಸಿಕ್ಕಿದವನ ಹೆಗಲ ಮೇಲಿನ ಹಿತ್ತಾಳೆ ನಕ್ಷತ್ರವನ್ನು ಲೋಟದ ತಳಕ್ಕೆ ಹಾಕಿ ಮೇಲೆ ರಮ್ಮು ಸುರಿಯುತ್ತಾರಂತೆ. ಪೂರ್ತಿ ಕುಡಿದು ನಕ್ಷತ್ರವನ್ನು ಹಲ್ಲಲ್ಲಿ ಕಚ್ಚಿ ತೆಗೆದರೇನೇ ಅವನು ಆಫೀಸರ್. ನೌಕಾಪಡೆಯವರು ಯಾರ ಹೆಸರಲ್ಲೂ ನೀರಿನ ಲೋಟ ಎತ್ತುವುದಿಲ್ಲವಂತೆ, ಎತ್ತಿದರೆ ಆ ಮನುಷ್ಯ ನೀರುಪಾಲು. ವಾಯುಪಡೆಯ ಮೆಸ್ಸಿನ ಗೋಡೆಯಲ್ಲಿ ಒಬ್ಬೊಬ್ಬ ಪೈಲಟ್ಟಿಗೂ ಒಂದೊಂದು ಮಗ್ಗು ತೂಗುಹಾಕಿರುತ್ತಾರೆ, ಬೇರೆಯವನು ಮುಟ್ಟಿದರೆ ಅವತ್ತಿನ ಎಲ್ಲರ ಕುಡಿತವೂ ಅವನ ತಲೆ ಮೇಲೆ. ಲಾರಿಯವರದು ಬೇರೆಯೇ ಲೆಕ್ಕ. ಬಾಟ್ಲಿ ತೆರೆದರೆ ಮೊದಲ ಮುಚ್ಚಳ ಲಾರಿಯ ಮುಂದಿನ ಚಕ್ರಕ್ಕೆ, ಆಮೇಲೆ ಡ್ರೈವರಿಗೆ. ‘ಅದಕ್ಕೆ ಕುಡಿಸದೆ ನಾವು ಕುಡಿದರೆ ಮಧ್ಯದಾರೀಲಿ ಮುನಿಸಿಕೊಳ್ಳುತ್ತೆ’ ಅನ್ನುತ್ತಾರೆ ಮಾವ.

ವರ್ಷಕ್ಕೊಮ್ಮೆ ಪ್ಲಟೂನ್ ಡೇ, ಅವರ ತುಕಡಿ ಕಟ್ಟಿದ ದಿನ. ಆ ದಿನ ಬೆಳಿಗ್ಗೆ ಆಫೀಸರುಗಳೇ ಕೆಟಲು ಹಿಡಿದು ಸಿಪಾಯಿಗಳ ಮಂಚದ ಹತ್ತಿರ ಬಂದು, ಟೀಗೆ ಒಂದು ಗುಟುಕು ರಮ್ಮು ಬೆರೆಸಿ ಕೊಡಬೇಕಿತ್ತಂತೆ. ಮಾವ ರಿಟೈರಾದಮೇಲೂ ಅದನ್ನು ಬಿಡಲಿಲ್ಲ. ವರ್ಷದಲ್ಲಿ ಅದೊಂದು ದಿನ ಅಡುಗೆಮನೆಗೆ ನುಗ್ಗಿ, ನಮಗೆಲ್ಲ ಟೀ ಮಾಡಿ, ಹಾಸಿಗೆಗೇ ತಂದುಕೊಡುತ್ತಾರೆ. ರಮ್ಮು ಇರುವುದಿಲ್ಲ, ಅದರ ಬದಲು ಸಕ್ಕರೆ ಸುರಿದಿರುತ್ತಾರೆ. ಮನೆಯವರೆಲ್ಲ ‘ಆಹಾ’ ಅನ್ನಬೇಕು. ಉಕ್ಕಿ ಹರಿದ ಹಾಲನ್ನು ಒಲೆಯ ಸಂದಿಯಿಂದ ಕೆರೆದು ತೆಗೆಯುವವಳು ಮಾತ್ರ ನಾನು.

ಇಷ್ಟೇ ಆಗಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ನನ್ನ ಹೊಟ್ಟೆ ಉರಿಸಿದ್ದು ಆ ಬಾಟ್ಲಿ.

ಅವರ ಪ್ಲಟೂನನ್ನು ಒಡೆದು ಎಲ್ಲರನ್ನೂ ಬೇರೆಬೇರೆ ಕಡೆ ಹಾಕಿದರಂತೆ. ಹೊರಡುವ ದಿನ ಅವರ ಆಫೀಸರು ಒಂದು ಬಾಟ್ಲಿ ಒಳ್ಳೇ ರಮ್ಮು ಕೊಟ್ಟರು. ಇವರು ಕುಡಿದು ಮುಗಿಸಬಹುದಿತ್ತು. ಯಾರಿಗೋ ಬುದ್ಧಿ ಬಂತು. ಎಲ್ಲರೂ ಲಾರಿಯ ಬಾನೆಟ್ಟಿನ ಮೇಲೆ ಕೈಯಿಟ್ಟು ಮಾತು ಕೊಟ್ಟರು: ನಮ್ಮಲ್ಲಿ ಕೊನೆಗೆ ಬದುಕಿ ಉಳಿಯುವವನು ಯಾರೋ ಅವನೇ ಇದನ್ನು ತೆರೆಯಬೇಕು, ಹೋದವರೆಲ್ಲರ ಹೆಸರಲ್ಲಿ ಕುಡಿಯಬೇಕು, ಅಲ್ಲಿಯವರೆಗೆ ನಾವ್ಯಾರೂ ಮುಚ್ಚಳ ಮುಟ್ಟಬಾರದು. ಬಾಟ್ಲಿ ಯಾರ ಹತ್ತಿರ ಇರಬೇಕು? ‘ಮರಿ ಇಟ್ಟುಕೊಳ್ಳಲಿ’ ಅಂದರಂತೆ ಎಲ್ಲ. ಮಾವನೇ ಎಲ್ಲರಿಗಿಂತ ಚಿಕ್ಕವರು, ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ‘ಹೇಗೂ ಕೊನೆಗೆ ಉಳಿಯೋನು ಅವನೇ ತಾನೇ!’ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಸ್ಟೋರ್‌ಕೀಪರ್ ಆಗಿದ್ದ ನಮ್ಮ ರೂಲ್ಸು ಬಾಟ್ಲಿಯ ಬಾಯಿಗೆ ಕೆಂಪು ಅರಗು ಕಾಯಿಸಿ ಹಾಕಿ, ಉಗ್ರಾಣದ ಮುದ್ರೆ ಒತ್ತಿ, ನಮ್ಮ ಮಾವನ ಕೈಗೆ ಕೊಟ್ಟರು.

ಇಪ್ಪತ್ತು ವರ್ಷದ ಹುಡುಗನಿಗೆ, ನೀನು ಎಲ್ಲರ ಸಾವು ನೋಡಿಕೊಂಡು ಬಾ ಅಂತ ಕೆಲಸ ವಹಿಸಿದ ಹಾಗಾಯಿತಲ್ಲ? ಹೇಳಿದವರಿಗೆ ಅದು ಹೊಳೆಯಲಿಲ್ಲ. ಕೇಳಿಸಿಕೊಂಡವರೂ ಅವತ್ತು ನಕ್ಕಿದ್ದರಂತೆ.

ನಾನು ಮದುವೆಯಾಗಿ ಬಂದಾಗ ಆ ಬಾಟ್ಲಿ ಮುಂದಿನ ಕೋಣೆಯ ಗಾಜಿನ ಬೀರುವಿನಲ್ಲಿತ್ತು. ಅತ್ತೆ ಬದುಕಿದ್ದರು ಆಗ. ‘ನೋಡಮ್ಮ, ಇವಳು ನನ್ನ ಸವತಿ. ದಿನಾ ಧೂಳು ಒರೆಸು, ಆದರೆ ಅಲ್ಲಾಡಿಸಬೇಡ’ ಅಂತ ಮೊದಲ ವಾರವೇ ಪರಿಚಯ ಮಾಡಿಸಿಕೊಟ್ಟರು. ಅತ್ತೆ ಹೋದಮೇಲೆ ಸವತಿ ನನ್ನ ಕೊರಳಿಗೆ ಬಿದ್ದಳು. ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್ ಶುರುವಾಯಿತು, ಶಾಲೆ ಯೂನಿಫಾರಮ್ಮಿನ ಕೆಲಸ. ಲಂಗ ಅಳತೆ ಕೊಡಲು ಬಂದ ಹುಡುಗಿಯರ ತಾಯಂದಿರೆಲ್ಲ ಬೀರುವನ್ನೂ ನನ್ನನ್ನೂ ಒಂದು ಥರ ನೋಡುತ್ತಿದ್ದರು. ಎಷ್ಟು ಜನಕ್ಕೆ ಅಂತ ಬಿಡಿಸಿ ಹೇಳುವುದು?

ಪ್ಲಟೂನ್ ಡೇಗೆ ಬದುಕಿದ್ದವರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ರೂಲ್ಸು ಇನ್‌ಸ್ಪೆಕ್ಷನ್ ಮಾಡುತ್ತಿದ್ದರು. ಭೂತಗನ್ನಡಿ ಹಿಡಿದು ಅರಗು ನೋಡುವುದು, ಬೆಳಕಿಗೆ ಎತ್ತಿ ಮಟ್ಟ ನೋಡುವುದು. ರಮ್ಮು ವರ್ಷವರ್ಷಕ್ಕೂ ಒಂದು ಕೂದಲೆಳೆಯಷ್ಟು ಇಳಿಯುತ್ತಿತ್ತು. ಎಷ್ಟು ಅರಗು ಹಾಕಿದರೂ ಹಳೇ ಬಿರಡೆ, ಉಸಿರಾಡುತ್ತದೆ. ಒಂದು ವರ್ಷ ಆ ಮನುಷ್ಯ ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನೇ ನೋಡಿ, ‘ಸೊಸೆಯಮ್ಮಾ, ಇದು ಕಮ್ಮಿಯಾಗಿದೆಯಲ್ಲ?’ ಅಂದರು.

‘ಹೌದು ದೊಡ್ಡ ಮಾವ, ಒಂದೊಂದು ಗುಂಡಿಗೆ ಒಂದೊಂದು ಗುಟುಕು ಹಾಕ್ಕೊಂಡು ಹೊಲೀತೀನಿ’ ಅಂದೆ.

ಎಲ್ಲ ನಕ್ಕರು, ಅವರು ನಗಲಿಲ್ಲ. ಮಾರನೇ ವರ್ಷ ಬಾಟ್ಲಿಯ ಹೊರಗೆ ಪೆನ್ಸಿಲಲ್ಲಿ ಒಂದು ಗೆರೆ ಎಳೆದು ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಧೂಳು ಒರೆಸುವಾಗ ಆ ಗೆರೆಯನ್ನೂ ಚೆನ್ನಾಗಿ ಒರೆಸಿಬಿಟ್ಟೆ.

ಬರುವವರು ಕಮ್ಮಿಯಾಗುತ್ತಾ ಬಂದರು. ಒಬ್ಬರು ಸಕ್ಕರೆ ಕಾಯಿಲೆಯಲ್ಲಿ, ಒಬ್ಬರು ಬಚ್ಚಲಲ್ಲಿ ಜಾರಿ ಬಿದ್ದು, ಮೆಕ್ಯಾನಿಕ್ಕು ನಿದ್ದೆಯಲ್ಲೇ. ಪ್ರತಿ ಸಲ ಸುದ್ದಿ ಬಂದಾಗ ಮಾವ ಇಸ್ತ್ರಿ ಮಾಡಿದ ಶರಟು ಕೇಳುತ್ತಿದ್ದರು, ಹೋಗಿ ಬರುತ್ತಿದ್ದರು, ಬಂದು ಆ ಬೀರುವಿನ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಮಾತು ಕಮ್ಮಿಯಾಯಿತು. ಹೋದ ವರ್ಷ ಪ್ಲಟೂನಿನ ಅಡುಗೆಯವನು ತೀರಿಕೊಂಡಮೇಲೆ ಉಳಿದವರು ಇಬ್ಬರೇ. ನಮ್ಮ ಮಾವ ಮತ್ತು ಆ ರೂಲ್ಸು. ಅಷ್ಟು ಚೆನ್ನಾಗಿ ಕಾಳಗದ ಕತೆ, ಕಾಮಿಡಿ ಕತೆ ಹೇಳುತ್ತಿದ್ದವರೆಲ್ಲ ಹೋಗಿ, ದೇವರು ನಮಗೆ ಉಳಿಸಿಕೊಟ್ಟದ್ದು ಯಾರನ್ನು ನೋಡಿ!

ಈ ವರ್ಷ ಪ್ಲಟೂನ್ ಡೇಗೆ ತಿಂಗಳಿರುವಾಗ ಮಾವ ಮೆಟ್ಟಿಲು ಹತ್ತುತ್ತಾ ಎದೆ ಹಿಡಿದುಕೊಂಡು ಕೂತುಬಿಟ್ಟರು. ಆಸ್ಪತ್ರೆಗೆ ಓಡಿದೆವು. ಹೃದಯದ ರಕ್ತನಾಳ ಕಟ್ಟಿಕೊಂಡಿದೆ, ಎದೆ ತೆರೆದು ಆಪರೇಷನ್ ಮಾಡಲೇಬೇಕು, ಮಾಡಿದರೆ ಇನ್ನೂ ಬಹಳ ವರ್ಷ ಗಟ್ಟಿಯಾಗಿರುತ್ತಾರೆ, ಬಿಟ್ಟರೆ ಯಾವಾಗ ಏನೋ ಹೇಳೋಕಾಗಲ್ಲ ಅಂದರು ಡಾಕ್ಟರು. ದಿನವನ್ನೂ ಗೊತ್ತುಮಾಡಿದರು. ಮಾವ ಎಲ್ಲ ಕೇಳಿಸಿಕೊಂಡು, ಎದ್ದು, ‘ಬೇಡ’ ಅಂದರು.

‘ಬೇಡ ಅಂದ್ರೆ?’ ಅಂದರು ಇವರು, ನನ್ನ ಗಂಡ.

‘ಬೇಡ ಅಂದ್ರೆ ಬೇಡ.’

ಇವರು ತಿರುಗಿ ನನ್ನ ಮುಖ ನೋಡಿದರು. ಇವರದು ಯಾವಾಗಲೂ ಅಷ್ಟೇ. ಅಪ್ಪನ ಎದುರು ಬಾಯಿಗೆ ಬೀಗ, ಬೀಗದ ಕೈ ನನ್ನ ಹತ್ತಿರ. ಮನೆಗೆ ಬಂದು ನಾನು ಬೇಡಿಕೊಂಡೆ, ಗದರಿಸಿದೆ, ಅತ್ತುಬಿಟ್ಟೆ. ಮಾವ ‘ವಯಸ್ಸಾಯ್ತು’ ಅಂದರು. ‘ಆಸ್ಪತ್ರೆ ವಾಸನೆ ಆಗಲ್ಲ’ ಅಂದರು. ನಾನು ಬಿಡಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ನಾನು ಕಾಲರಿಗೆ ಕ್ಯಾನ್ವಾಸು ಕೂರಿಸುತ್ತಾ ಬೈಯುತ್ತಲೇ ಇದ್ದಾಗ, ಮಾವ ಬೀರುವಿನ ಕಡೆ ಗದ್ದ ತೋರಿಸಿ ಹೇಳಿದರು:

‘ಮಗಳೇ, ಈಗ ಸತ್ರೆ ನಾನು ರೂಲ್ಸಿಗಿಂತ ಮುಂಚೆ ಹೋಗ್ತೀನಿ. ಆ ಬಾಟ್ಲಿ ಅವನ ಪಾಲಿಗೆ. ನಾನು ಬದುಕಿದ್ರೆ ಅವನನ್ನೂ ಕಳಿಸಿ, ಇಲ್ಲಿ ಒಬ್ಬನೇ ಕೂತು, ಅಷ್ಟೂ ಜನರ ಹೆಸರು ಹೇಳ್ಕೊಂಡು ಕುಡೀಬೇಕು. ಮೀಸೆ ಬರೋಕ್ಕೆ ಮುಂಚಿನಿಂದ ಅದನ್ನೇ ನೆನೆಸ್ಕೊಂಡು ಬಂದಿದೀನಿ. ನನ್ನ ಕೈಲಾಗಲ್ಲಮ್ಮ.’

ನನಗೆ ಸಿಟ್ಟು ಬಂತು. ಒಂದು ಬಾಟ್ಲಿ ರಮ್ಮಿನ ಭಯಕ್ಕೆ ಸಾಯಲು ಹೊರಟ ಮನುಷ್ಯನನ್ನು ಎಲ್ಲಾದರೂ ಕಂಡಿದ್ದೀರಾ? ಅಷ್ಟೊತ್ತಿಗೆ ಮಾವನೇ ದಾರಿಯನ್ನೂ ಹೇಳಿದರು. ‘ಇಬ್ಬರೂ ಬದುಕಿರೋವಾಗಲೇ ಕೂತು ಕುಡಿದುಬಿಡೋಣ ಅಂತ ಎಷ್ಟು ಸಲ ಕೇಳಿದೆ ಅವನನ್ನ. ಅವನು ಒಪ್ಪಲಿ, ನಾಳೇನೇ ಆಪರೇಷನ್ ಟೇಬಲ್ ಮೇಲೆ ಮಲಗ್ತೀನಿ.’

ಸರಿ, ಹೊರಟೆ. ರೂಲ್ಸು ಇರುವುದು ಮಾರ್ಕೆಟ್ಟಿನ ಹಿಂದೆ, ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ಒಂದು ಕೋಣೆಯಲ್ಲಿ. ಮದುವೆಯಾಗಲಿಲ್ಲ, ಯಾವಳೂ ರೂಲ್ಸಿಗೆ ಒಪ್ಪಿರಲಿಕ್ಕಿಲ್ಲ. ಕೆಳಗಿನ ಮೆಷಿನ್ನು ಓಡುವಾಗ ಕೋಣೆಯ ನೆಲ ನಡುಗುತ್ತದೆ, ಆದರೂ ಅಲ್ಲಿ ಒಂದು ವಸ್ತು ಅತ್ತಿತ್ತ ಸರಿದಿರುವುದಿಲ್ಲ. ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ, ಶೂ ಪಾಲಿಶ್ ಡಬ್ಬಿ ಎಲ್ಲ ಸಾಲಾಗಿ ಅಟೆನ್ಷನ್ನಿನಲ್ಲಿ ನಿಂತಿದ್ದವು. ನನ್ನ ಚಪ್ಪಲಿಯನ್ನೂ ಕಾಲಿನಿಂದ ತಳ್ಳಿ ನೇರ ಮಾಡಿ, ‘ಕೂತ್ಕೋ’ ಅಂದರು. ತಟ್ಟೆಯಲ್ಲಿ ಒಂದೇ ಒಂದು ಬಿಸ್ಕತ್ತು ಇಟ್ಟರು.

ನಾನು ಎಲ್ಲ ಹೇಳಿದೆ. ಡಾಕ್ಟರು ಹೇಳಿದ್ದು, ಮಾವ ಹೇಳಿದ್ದು, ಏನನ್ನೂ ಮುಚ್ಚಿಡದೆ. ಅವರು ಕಿಟಕಿ ಕಡೆ ನೋಡುತ್ತಾ ಕೇಳಿಸಿಕೊಂಡರು.

‘ಆಗಲ್ಲ’ ಅಂದರು.

‘ದೊಡ್ಡ ಮಾವ, ನಿಮ್ಮ ಸ್ನೇಹಿತರ ಪ್ರಾಣದ ಪ್ರಶ್ನೆ.’

‘ಮಾತು ಕೊಟ್ಟಿದ್ದೀವಿ. ಕೊನೆಯವನು ಒಬ್ಬನೇ ತೆರೀಬೇಕು. ಇಬ್ಬರಿದ್ದೀವಿ. ರೂಲ್ ಅಂದ್ರೆ ರೂಲ್.’

‘ಮಾತು ಕೇಳಿಸಿಕೊಂಡವರೆಲ್ಲ ಮಣ್ಣಾದರಲ್ಲ! ಯಾರು ಬಂದು ಕೇಳ್ತಾರೆ?’

‘ಅದಕ್ಕೇ ಇನ್ನೂ ಜಾಸ್ತಿ ಪಾಲಿಸಬೇಕು’ ಅಂದರು. ‘ಬದುಕಿದ್ದವರಾಗಿದ್ರೆ ಹೋಗಿ ಒಪ್ಪಿಗೆ ಕೇಳಬಹುದಿತ್ತು. ಸತ್ತವರ ಹತ್ರ ಹೇಗೆ ಕೇಳೋದು? ಅವನಿಗೆ ಹೇಳು, ಅವನು ಸಾಯೋ ಹಾಗಿಲ್ಲ. ಅವನು ಮರಿ. ಕೊನೆಗೆ ಉಳಿಯಬೇಕಾದೋನು ಅವನು. ಆರ್ಡರ್ ಅಂತ ಹೇಳು.’

‘ನಿಮ್ಮ ಆರ್ಡರಿಗಿಷ್ಟು ಬೆಂಕಿ ಹಾಕ’ ಅಂದೆ. ಹಿರಿಯರು, ಹಾಗನ್ನಬಾರದಿತ್ತು, ಅಂದೆ. ಬಿಸ್ಕತ್ತನ್ನು ಮುಟ್ಟದೆ ಎದ್ದು ಬಂದೆ. ಮೆಟ್ಟಿಲಿಳಿಯುವಾಗ ಮೇಲಿನಿಂದ, ‘ಬಿಸಿಲಿದೆ, ನೆರಳಲ್ಲಿ ಹೋಗು’ ಅಂತ ಕೂಗಿದರು. ಅದಕ್ಕೂ ಸಿಟ್ಟು ಬಂತು.

ಪ್ಲಟೂನ್ ಡೇ ಬಂತು. ಮಾವ ಏದುಸಿರು ಬಿಡುತ್ತಲೇ ಟೀ ಮಾಡಿದರು, ಹಾಲು ಉಕ್ಕಿಸಿದರು. ನಾನು ಒಲೆ ಒರೆಸಿದೆ. ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ರೂಲ್ಸು ಬಂದರು, ಬೂಟು ಮಿರಿಮಿರಿ, ಕೈಯಲ್ಲಿ ಭೂತಗನ್ನಡಿ. ಮುಂದಿನ ಕೋಣೆಯಲ್ಲಿ ಶಾಲೆ ಶುರುವಾಗುವ ಹೊತ್ತಿನ ರಾಶಿ, ಕಾಲಿಡಲು ಜಾಗವಿಲ್ಲ. ನೀಲಿ ಚಡ್ಡಿಗಳ ಗುಡ್ಡದ ಮಧ್ಯೆ ಇಬ್ಬರೂ ಎದುರುಬದುರು ಕೂತರು. ರೂಲ್ಸು ಅರಗು ಪರೀಕ್ಷೆ ಮಾಡಿ, ‘ಸೀಲ್ ಸರಿಯಾಗಿದೆ’ ಅಂದರು.

‘ರೂಲ್ಸಣ್ಣ, ಇವತ್ತು ಕೊನೇ ಸಲ ಕೇಳ್ತೀನಿ’ ಅಂದರು ಮಾವ.

‘ಕೇಳಬೇಡ.’

‘ಒಬ್ಬನೇ ಕುಡಿಯೋ ಶಿಕ್ಷೆ ನನಗ್ಯಾಕೋ?’

‘ನಿನ್ನ ಹಣೇಲಿ ಅದಿದೆ. ಆಪರೇಷನ್ ಮಾಡಿಸ್ಕೋ.’

‘ಮಾಡಿಸ್ಕೊಳ್ಳಲ್ಲ. ನಾನೇ ಮುಂದೆ ಹೋಗ್ತೀನಿ. ಆಮೇಲೆ ನೀನೇ ಕೂತು ಕುಡಿ, ಗೊತ್ತಾಗುತ್ತೆ!’

‘ಹೋಗೋ ಹಾಗಿಲ್ಲ ಅಂದೆನಲ್ಲ!’ ರೂಲ್ಸು ಟೀಪಾಯಿ ಗುದ್ದಿದರು. ಗುಂಡಿಗಳ ಡಬ್ಬಿ ನೆಲಕ್ಕೆ ಬಿದ್ದು ಕೋಣೆಯ ತುಂಬ ಗುಂಡಿ. ಮಾವ ಎದ್ದು ನಿಂತು ಏನೋ ಕೂಗಲು ಹೋಗಿ, ಮಾತು ಬರದೆ, ಎದೆ ಮೇಲೆ ಕೈಯಿಟ್ಟುಕೊಂಡು ಕುಸಿದು ಕೂತರು. ನಾನು ಓಡಿಹೋಗಿ ನಾಲಿಗೆಯಡಿಗೆ ಗುಳಿಗೆ ಇಟ್ಟೆ. ಸ್ವಲ್ಪ ಹೊತ್ತಿಗೆ ಉಸಿರು ಸಮನಾಯಿತು. ಕಣ್ಣು ತೆರೆದವರೇ ಮತ್ತೆ ಶುರು: ‘ಇಬ್ಬರೂ ಕುಡಿಯೋಣ್ವೇನೋ?’ ಎದುರಿನವರು, ‘ರೂಲ್...’ ಅಂದರು.

ನನ್ನ ತಲೆ ಕೆಟ್ಟುಹೋಯಿತು. ಇಬ್ಬರು ಮುದುಕರು, ಒಂದು ಬಾಟ್ಲಿ, ಮಧ್ಯೆ ಸಿಕ್ಕಿಕೊಂಡು ಸಾಯುತ್ತಿರುವವಳು ನಾನು! ಮೆಷಿನ್ನಿನ ಮೇಲಿದ್ದ ಕತ್ತರಿ ತೆಗೆದುಕೊಂಡೆ. ಬಾಟ್ಲಿಯನ್ನು ರೂಲ್ಸಿನ ಕೈಯಿಂದ ಕಿತ್ತುಕೊಂಡೆ. ಕತ್ತರಿಯ ಮೊನೆಯಲ್ಲಿ ಅರಗು ಒಡೆದು ಹಾಕಿದೆ, ಕೆಂಪು ಚೂರುಗಳು ಶಾಲೆ ಚಡ್ಡಿಗಳ ಮೇಲೆಲ್ಲ ಹಾರಿದವು. ಬಿರಡೆ ಅರ್ಧ ಮುರಿಯಿತು, ಉಳಿದರ್ಧವನ್ನು ಒಳಕ್ಕೇ ತಳ್ಳಿದೆ. ಎರಡು ಲೋಟ ತಂದು ಸುರಿದೆ.

‘ನೀವ್ಯಾರೂ ಮುಟ್ಟಬಾರದು ಅಂತ ತಾನೇ ಮಾತು ಕೊಟ್ಟಿದ್ದು? ನೀವು ಮುಟ್ಟಿಲ್ಲ. ನಾನು ನಿಮ್ಮ ಪ್ಲಟೂನಲ್ಲ. ನಾನು ಯಾವ ಲಾರಿ ಮೇಲೂ ಕೈ ಇಟ್ಟಿಲ್ಲ. ಒರೆಸೀ ಒರೆಸೀ ಸಾಕಾಯ್ತು ನನಗೆ. ಬಾಟ್ಲಿ ತೆರೆದಾಯ್ತು. ಕುಡೀತೀರೋ ಬಿಡ್ತೀರೋ, ನಿಮ್ಮ ಕರ್ಮ!’

ಕೋಣೆಯಲ್ಲಿ ರಮ್ಮಿನ ವಾಸನೆ ಎದ್ದಿತು. ಇಬ್ಬರೂ ಬಾಯಿ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ಎಂಥ ಕೆಲಸ ಮಾಡಿಬಿಟ್ಟೆ ಅನ್ನಿಸಿತು. ರೂಲ್ಸು ಎದ್ದು ಹೋಗುತ್ತಾರೆ, ಹೋಗುವ ಮೊದಲು ನನ್ನನ್ನು ಬೈಯುತ್ತಾರೆ, ಬೈಯಲಿ ಅಂದುಕೊಂಡೆ. ಆ ಮನುಷ್ಯ ಎದ್ದೇಳಲಿಲ್ಲ. ಮುಖ ಮುಚ್ಚಿಕೊಂಡರು. ಬೆರಳುಗಳ ಸಂದಿಯಿಂದ ನೀರು ಇಳಿಯಿತು.

‘ಮರಿ,’ ಅಂದರು, ‘ನೀನು ಒಬ್ಬನೇ ಕುಡೀಬೇಕು ಅಂತ ಹೆದರ್ತೀಯ. ಸರಿ. ನೀನು ಹೋದರೆ ನನ್ನ ಹೆಸರಲ್ಲಿ ಯಾರೋ ಕುಡಿಯೋರು? ನನಗೆ ಹೆಂಡತಿಯೇ, ಮಕ್ಕಳೇ? ಆ ಬಾಟ್ಲಿ ನಿನ್ನ ಮನೇಲಿದೆ, ನೀನು ನನಗಿಂತ ಚಿಕ್ಕವನು, ನಾನು ಸತ್ತ ದಿನ ಒಬ್ಬ ಮನುಷ್ಯ ಕೂತು ನನ್ನ ಹೆಸರು ಹೇಳ್ತಾನೆ ಅನ್ನೋ ಒಂದೇ ಧೈರ್ಯದಲ್ಲಿ ಆ ಕೋಣೇಲಿ ಇದೀನಿ ಕಣೋ.’

ಮಾವ ಲೋಟ ತೆಗೆದುಕೊಂಡರು. ಗೋಡೆ ಹಿಡಿದು ಎದ್ದು ನಿಂತರು.

‘ಈಗಲೇ ಹೇಳ್ತೀನಿ, ಕೇಳಿಸ್ಕೋ’ ಅಂದರು. ‘ಸತ್ತಮೇಲೆ ಹೇಳಿದ್ರೆ ನಿನಗೇನು ಬಂತು?’

‘ಬೆನ್ನು ನೆಟ್ಟಗೆ ಮಾಡು’ ಅಂದರು ರೂಲ್ಸು, ಮೂಗು ಒರೆಸಿಕೊಳ್ಳುತ್ತಾ.

ಮಾವ ಬೆನ್ನು ನೆಟ್ಟಗೆ ಮಾಡಿದರು. ‘ನಮ್ಮ ಸ್ಟೋರ್‌ಕೀಪರ್ ಹೆಸರಲ್ಲಿ. ಮಹಾ ಪಿಟಿಪಿಟಿ ಮನುಷ್ಯ. ಹರಿದ ಕಾಲುಚೀಲ ತಂದು ತೋರಿಸದೆ ಹೊಸದು ಕೊಡ್ತಿರಲಿಲ್ಲ. ಹಿಮದಲ್ಲಿ ಸಾಯ್ತಿದೀನಿ ಅಂದ್ರೂ, ಎಲ್ಲಿ ತೋರಿಸು ಅಂತಿದ್ದ. ಆದರೆ ನಮ್ಮ ಲಾರಿಗಳು ಬೆಟ್ಟದ ಮೇಲಿಂದ ಇಳಿದು ಬರೋವರೆಗೆ ಒಂದು ದಿನಾನೂ ಅವನು ಊಟಕ್ಕೆ ಕೂತಿಲ್ಲ. ಗೇಟಲ್ಲಿ ನಿಂತು ಟಾರ್ಪಾಲು ಮಡಿಸೋ ನಾಟಕ ಆಡ್ತಿದ್ದ. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸ್ತಿದ್ದ. ಕೊನೇ ಲಾರಿ ನನ್ನದು. ನಾನು ಒಳಗೆ ಬಂದಮೇಲೇ ಅವನು ತಟ್ಟೆ ಹಿಡೀತಿದ್ದದ್ದು. ಅದು ನನಗೆ ಗೊತ್ತಿತ್ತು.’

ಒಂದೇ ಒಂದು ಗುಟುಕು ಕುಡಿದರು. ‘ಥೂ,’ ಅಂದರು, ‘ಬಡಗಿ ಅಂಗಡಿ ಪಾಲಿಶ್ ಇದ್ದ ಹಾಗಿದೆ.’ ಉಳಿದದ್ದನ್ನು ನಾನು ಕಸಿದುಕೊಂಡೆ. ಡಾಕ್ಟರಿಗೆ ಗೊತ್ತಾದರೆ ಆಪರೇಷನ್ ನನಗೇ ಮಾಡುತ್ತಾರೆ.

‘ಈಗ ನೀನು ಕುಡಿ. ನನ್ನ ಹೆಸರಲ್ಲಿ’ ಅಂದರು ಮಾವ.

ರೂಲ್ಸು ತಮ್ಮ ಲೋಟವನ್ನು ಮೂಗಿನ ಹತ್ತಿರ ಹಿಡಿದು ನೋಡಿದರು. ಮತ್ತೆ ಟೀಪಾಯಿ ಮೇಲಿಟ್ಟರು.

‘ನಾನು ಕುಡಿಯಲ್ಲ.’

‘ಅಯ್ಯೋ ದೇವರೇ!’ ಅಂದೆ ನಾನು. ಲಟ್ಟಣಿಗೆ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ.

‘ನಿನ್ನ ಹೆಸರಲ್ಲಿ ಕುಡಿದ್ರೆ ನೀನು ಸತ್ತೆ ಅಂತ ಒಪ್ಪಿಕೊಂಡ ಹಾಗೆ. ನಾನು ಒಪ್ಪಲ್ಲ’ ಅಂದರು ರೂಲ್ಸು. ‘ಈ ಲೋಟ ಇಲ್ಲೇ ಇರಲಿ. ಆಪರೇಷನ್ ಆಗಲಿ. ನೀನು ಟೇಬಲ್ ಮೇಲೇ ಹೋಗಿಬಿಟ್ಟರೆ, ಬಂದು ಕುಡೀತೀನಿ. ಮಾತು ಕೊಡ್ತೀನಿ. ಸೊಸೆಯಮ್ಮಾ, ಮುಚ್ಚಿಡು ಇದನ್ನ.’

ಮಾವ ಅವರನ್ನೇ ನೋಡಿದರು. ‘ಆಯ್ತು, ಹೋಗ್ತೀನಿ’ ಅಂದರು. ಅಷ್ಟೇ. ತಿಂಗಳಿಂದ ನಾನು ಗೋಗರೆದದ್ದು, ಅತ್ತದ್ದು, ಮೊಣಕಾಲೂರಿದ್ದು ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆ ಮನುಷ್ಯ ಒಂದು ಲೋಟ ಕುಡಿಯದೆ ಇಟ್ಟದ್ದಕ್ಕೆ ಮಾವ ಒಪ್ಪಿದರು. ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದೆ ಬಗ್ಗಿ ಗುಂಡಿ ಆರಿಸತೊಡಗಿದೆ. ರೂಲ್ಸೂ ಕೆಳಗೆ ಕೂತು ಆರಿಸಿದರು, ದೊಡ್ಡದು ಬೇರೆ, ಚಿಕ್ಕದು ಬೇರೆ ಮಾಡಿ.

ಉಳಿದ ರಮ್ಮಿನ ಬಾಟ್ಲಿ ಅಟ್ಟಕ್ಕೆ ಹೋಗಿ, ಬೀರುವಿನಲ್ಲಿ ಈಗ ಲೋಟ ಬಂತು. ಮೇಲೊಂದು ತಟ್ಟೆ ಮುಚ್ಚಿದೆ. ಮುಚ್ಚಿದರೂ ವಾಸನೆ. ಯೂನಿಫಾರಂ ಒಯ್ಯಲು ಬಂದ ಒಬ್ಬ ಟೀಚರು ಮೂಗು ಅರಳಿಸಿ, ‘ಏನ್ರೀ ಇದು?’ ಅಂದರು. ‘ಔಷಧಿ’ ಅಂದೆ. ಬೀರುವಿನ ಮುಂದೆ ಹಾದುಹೋಗುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ. ಮೊದಲು ಬಾಟ್ಲಿ ಕಂಡರೆ ಸಿಟ್ಟು ಬರುತ್ತಿತ್ತು, ಈ ಲೋಟ ಕಂಡರೆ ಭಯವಾಗುತ್ತಿತ್ತು.

ಆಪರೇಷನ್ನಿನ ದಿನ ರೂಲ್ಸು ನಮಗಿಂತ ಮುಂಚೆಯೇ ಆಸ್ಪತ್ರೆಯ ಮೊಗಸಾಲೆಯಲ್ಲಿ ಕೂತಿದ್ದರು. ಮಾವನನ್ನು ತಳ್ಳುಗಾಡಿಯಲ್ಲಿ ಒಳಗೆ ಕರೆದುಕೊಂಡು ಹೋದರು. ಕೊನೆಗಳಿಗೆಯಲ್ಲೂ ಅವರು ಗಾಲಿ ಕಿರುಗುಟ್ಟುತ್ತಿದೆ, ಎಣ್ಣೆ ಬಿಡಿ ಅಂತ ವಾರ್ಡ್‌ಬಾಯಿಗೆ ಹೇಳುತ್ತಿದ್ದರು. ಬಾಗಿಲು ಮುಚ್ಚಿತು. ಇವರು ಅತ್ತ ಇತ್ತ ಓಡಾಡಿದರು, ನಾನು ಟೀ ತಂದೆ. ರೂಲ್ಸು ಮುಟ್ಟಲಿಲ್ಲ. ಮಧ್ಯಾಹ್ನವಾಯಿತು, ‘ದೊಡ್ಡ ಮಾವ, ಏನಾದರೂ ತಿನ್ನಿ’ ಅಂದೆ. ತಲೆ ಅಲ್ಲಾಡಿಸಿದರು. ತಮ್ಮ ಶಾಲನ್ನು ತೊಡೆ ಮೇಲೆ ಹಾಕಿಕೊಂಡು ಮಡಿಸುತ್ತಿದ್ದರು. ಮಡಿಸಿ, ಬಿಚ್ಚಿ, ಮತ್ತೆ ಅಂಚಿಗೆ ಅಂಚು ಕೂಡಿಸುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಎಲ್ಲ ಚೆನ್ನಾಗಿ ಆಯಿತು, ನಾಳೆ ಮಾತಾಡಿಸಬಹುದು ಅಂದರು. ಇವರು ಗೋಡೆಗೆ ಒರಗಿ ಅತ್ತುಬಿಟ್ಟರು. ನಾನು ತಿರುಗಿ ನೋಡಿದರೆ ರೂಲ್ಸು ಇಲ್ಲ. ಕುರ್ಚಿ ಖಾಲಿ. ಒಂದು ಮಾತಿಲ್ಲ ಕತೆಯಿಲ್ಲ, ಎದ್ದು ಹೋಗಿದ್ದಾರೆ. ಇಂಥ ಮನುಷ್ಯನೂ ಇರುತ್ತಾನಾ ಅಂತ ಮತ್ತೆ ಪಿತ್ತ ನೆತ್ತಿಗೇರಿತು.

ಬಟ್ಟೆ, ಫ್ಲಾಸ್ಕು ತರೋಣವೆಂದು ನಾನು ಮನೆಗೆ ಬಂದೆ. ಬಾಗಿಲು ತೆರೆದಿತ್ತು. ನಾವು ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಬೀಗದ ಕೈ ಇಸಿದುಕೊಂಡು ರೂಲ್ಸು ಒಳಗೆ ಬಂದಿದ್ದರು. ಅಡುಗೆಮನೆಯ ತೊಟ್ಟಿಯ ಮುಂದೆ ನಿಂತಿದ್ದರು, ತೋಳು ಮಡಿಸಿಕೊಂಡು, ಬೂಟು ಹೊರಗೆ ಬಿಟ್ಟು. ತಮ್ಮ ಪಾಲಿನ ಲೋಟವನ್ನು ಮೋರಿಗೆ ಸುರಿಯುತ್ತಿದ್ದರು, ನಿಧಾನವಾಗಿ, ಒಂದು ಹನಿಯೂ ಉಳಿಯದ ಹಾಗೆ. ಅಷ್ಟು ವರ್ಷ ಭೂತಗನ್ನಡಿ ಹಿಡಿದು ಕಾದ ರಮ್ಮು, ಅದು ಕೂದಲೆಳೆ ಇಳಿದದ್ದಕ್ಕೆ ನನ್ನ ಮೇಲೆ ಅನುಮಾನಪಟ್ಟ ಮನುಷ್ಯ. ಬೈಯಬೇಕು ಅಂದುಕೊಂಡೇ ಹತ್ತಿರ ಹೋದೆ. ಮುಖ ನೋಡಿದೆ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ ಆ ಮನುಷ್ಯ ನಗುವುದನ್ನು ನಾನು ಕಂಡಿರಲಿಲ್ಲ.

‘ಸೊಸೆಯಮ್ಮಾ,’ ಅಂದರು, ಲೋಟಕ್ಕೆ ಸೋಪು ಹಚ್ಚುತ್ತಾ, ‘ಹೊಟ್ಟೆ ಹಸಿವಾಗಿದೆ. ಊಟಕ್ಕೆ ಏನಿದೆ?’